ಮೂವತ್ತೊಂದನೆಯ ಗುಡ್ಡೆ

ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಧರಿಸಿ, ನಾನು ಕೆ. ಹೊಸಕೋಟೆಯ ಕೋಳಿ ಅಂಗಡಿ ಮುಂದೆ ನಿಂತಿದ್ದೆ. ಅದೂ ಸೋಮವಾರ. ಹಾಗಾಗಿ ಕ್ಯೂ ಇರಲಿಲ್ಲ, ನಾನೊಬ್ಬಳೇ.

ಅಂಗಡಿಯವನು ನನ್ನನ್ನು ನೋಡಿ, ಬಸ್ಸಿನ ಹೊತ್ತು ಕೇಳಲು ಬಂದಿದ್ದಾರೆ ಅಂದುಕೊಂಡ. ಆಲೂರು ಬಸ್ಸು ಆಗಲೇ ಹೋಯಿತಮ್ಮ ಅಂದ. ನಾನು ಸೆರಗನ್ನು ಭುಜದ ತುಂಬ ಹೊದ್ದುಕೊಂಡು, ಆದಷ್ಟು ಸಣ್ಣ ದನಿಯಲ್ಲಿ, ಕಾಲು ಕೆಜಿ ಚಿಕನ್ ಬೇಕಿತ್ತು ಅಂದೆ. ಅವನು ಕೈಯಲ್ಲಿದ್ದ ಮಚ್ಚನ್ನೇ ಕೆಳಗಿಟ್ಟ.

(ಓದುಗರೇ, ನಮ್ಮದು ಮೊಟ್ಟೆ ಹಾಕಿದ ಕೇಕ್ ಕೂಡ ಹೊಸ್ತಿಲು ದಾಟದ ಮನೆ. ಈ ಅಂಕಣವನ್ನು ತಪ್ಪದೆ ಓದುವವರಿಗೆ ನಮ್ಮ ಅತ್ತೆಯ ಪರಿಚಯ ಚೆನ್ನಾಗಿಯೇ ಇದೆ. ಎಪ್ಪತ್ತೆಂಟು ವರ್ಷ, ದಿನಕ್ಕೆರಡು ಸಲ ಲಿಂಗಪೂಜೆ, ಮೂರು ಸಲ ನನ್ನ ತಪಾಸಣೆ.)

ನಾನು ಆಟೋ ಹತ್ತಿ ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಅತ್ತೆ ಜಗಲಿಯಲ್ಲಿ ನಿಂತಿದ್ದರು. ಕೈಚೀಲ ನೋಡಿದರು, ನನ್ನನ್ನು ನೋಡಿದರು, ಹಿತ್ತಲಲ್ಲಿ ಕಾಫಿ ಮೂಟೆ ಇಡುವ ಸ್ಟೋರಿನ ಕಡೆ ಬೆರಳು ತೋರಿಸಿ ಒಳಗೆ ಹೋದರು.

ಇಷ್ಟಕ್ಕೆಲ್ಲ ಕಾರಣ ಲೀಲಕ್ಕ.

ಲೀಲಕ್ಕ ಹಾಸನದ ಹಾಸ್ಟೆಲಿನಲ್ಲಿ ನನಗಿಂತ ಒಂದು ವರ್ಷ ಸೀನಿಯರ್. ಈಗ ಹೆಗ್ಗದ್ದೆ ಹತ್ತಿರ ಎಸ್ಟೇಟ್ ನೋಡಿಕೊಳ್ಳುತ್ತಾಳೆ. ಜೀಪು ತಾನೇ ಓಡಿಸುತ್ತಾಳೆ, ಲೆಕ್ಕ ಬರೆಯುವ ರೈಟರನ್ನೂ ತಾನೇ ಬೈಯುತ್ತಾಳೆ. ಅವಳ ಮನೆಯಲ್ಲಿ ಎರಡು ಫೆರೆಟ್ ಇವೆ. ಬೆಂಗಳೂರಿನಲ್ಲಿ ಯಾರೋ ಆಸೆಪಟ್ಟು ತಂದು, ಎರಡೇ ವಾರಕ್ಕೆ ಸಾಕಾಗಿ ಕೈಬಿಟ್ಟ ಮರಿಗಳು. ಫೆರೆಟ್ ಅಂದರೆ ಏನು? ನಮ್ಮ ಮುಂಗುಸಿಯನ್ನು ಸ್ವಲ್ಪ ಎಳೆದು ಉದ್ದ ಮಾಡಿ, ಅದಕ್ಕೆ ನಾಚಿಕೆ ಅನ್ನೋದನ್ನು ಪೂರ್ತಿ ತೆಗೆದುಹಾಕಿದರೆ ಹೇಗಿರುತ್ತದೋ ಹಾಗೆ. ಒಂದು ಕಂದು, ಒಂದು ಬಿಳಿ. ಹೆಸರು ಬೆಲ್ಲ, ಸಕ್ಕರೆ. ಸಾಕ್ಸ್ ಕದಿಯುತ್ತವೆ, ಖುಷಿಯಾದರೆ ನಾಲ್ಕೂ ಕಾಲು ಎತ್ತಿ ಅಡ್ಡಡ್ಡ ನೆಗೆಯುತ್ತವೆ, ದಿನದ ಮುಕ್ಕಾಲು ಪಾಲು ನಿದ್ದೆ ಹೊಡೆಯುತ್ತವೆ.

ಲೀಲಕ್ಕನಿಗೆ ಮಂಗಳೂರಿನಲ್ಲಿ ಮಂಡಿಯ ಆಪರೇಶನ್. ಅವಳ ಅಡುಗೆಯ ದೇವಕಿಯೂ ನೋಡಿಕೊಳ್ಳಲು ಜೊತೆಗೆ ಹೊರಟಳು. ಎಸ್ಟೇಟಿನ ಆಳುಗಳ ಲೈನ್ ಮನೆಗಳ ತುಂಬ ನಾಯಿಗಳು. ನಾಯಿ ಬೆಕ್ಕು ಎರಡೂ ಇಲ್ಲದ ಮನೆ ಅವಳಿಗೆ ಗೊತ್ತಿದ್ದದ್ದು ಒಂದೇ, ನಮ್ಮದು. ಜೀಪಿನಿಂದ ಪಂಜರ ಇಳಿಸುತ್ತ, "ಏನಿಲ್ಲ ಕಣೇ, ದಿನಾ ಹಸಿ ಕೋಳಿ ಹಾಕು, ಸಾಕು. ಇವು ನನ್ನ ಪ್ರಾಣ" ಅಂದಳು. ನಾನು ಹೂಂ ಅಂದೆ. ಮೂವತ್ತು ವರ್ಷದ ಸ್ನೇಹ. ಇಲ್ಲ ಅನ್ನಲಾಗುತ್ತದೆಯೇ?

ಈಗ ನನ್ನ ತಪ್ಪಿಗೆ ಬರೋಣ. ದಿನಾ ಕೋಳಿ ತಿನ್ನುವವರಿಗೆ ಕೋಳಿ ಅಂದರೆ ಕೋಳಿ. ರೆಕ್ಕೆ, ಕತ್ತು, ಮೂಳೆ, ಒಳಗಿನದ್ದು, ಹೊರಗಿನದ್ದು ಎಲ್ಲ. ಹುಟ್ಟಿದಾಗಿನಿಂದ ಮೂಗು ಮುಚ್ಚಿಕೊಂಡು ಅಂಗಡಿ ದಾಟಿದ ನನ್ನಂಥವಳಿಗೆ? ಕೋಳಿ ಅಂದರೆ ಟಿವಿ ಜಾಹೀರಾತಿನಲ್ಲಿ ಬರುವ ಬೆಳ್ಳಗಿನ ತುಂಡು. ನೆಂಟರ ಮಕ್ಕಳು ಮನೆಯಲ್ಲಿದ್ದಾಗ ಬದನೆಕಾಯಿಯ ತೊಟ್ಟು ಕಿತ್ತು, ಹುಳುಕು ಕೆತ್ತಿ, ಬೀಜ ತೆಗೆದು ಬೇಯಿಸುತ್ತೇವಲ್ಲ, ಅದೇ ಬುದ್ಧಿಯನ್ನು ಇಲ್ಲೂ ಓಡಿಸಿದೆ. ಚರ್ಮ ಬೇಡ, ಕೊಬ್ಬು ಬೇಡ, ಮೂಳೆಯಂತೂ ಬೇಡವೇ ಬೇಡ, ಪಾಪ ಗಂಟಲಿಗೆ ಸಿಕ್ಕಿಕೊಂಡರೆ? ಅಂಗಡಿಯವನು ಮನೆಗೆ ದೊಡ್ಡ ಗೆಸ್ಟ್ ಬಂದಿದ್ದಾರಾ ಅಮ್ಮ ಅಂತ ಕೇಳಿ, ಎದೆಯ ಭಾಗ ಮಾತ್ರ ಕೆತ್ತಿ ಕೊಟ್ಟ. ಉಳಿದದ್ದೆಲ್ಲ ಅವನ ಬಕೆಟ್ಟಿಗೆ ಬಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ತಂದದ್ದನ್ನು ಸ್ಟೋರಿನ ಹಿಂದಿನ ನಲ್ಲಿಯಲ್ಲಿ ಮೂರು ಸಲ ತೊಳೆದೆ. ಅರಿಶಿನ ಹಚ್ಚಿ ಇನ್ನೊಮ್ಮೆ ತೊಳೆದೆ. ರಕ್ತದ ಬಣ್ಣವೇ ಇಲ್ಲದ ಹಾಗೆ ಮಾಡಿ, ಶಾವಿಗೆಯಷ್ಟು ಸಣ್ಣಗೆ ಹೆಚ್ಚಿ, ಸ್ಟೀಲ್ ತಟ್ಟೆಯಲ್ಲಿಟ್ಟೆ. ಆಮೇಲೆ ತಲೆಗೆ ಸ್ನಾನ ಮಾಡಿ ಅಡುಗೆಮನೆಗೆ ಹೋದೆ. ಈ ಪೂರ್ತಿ ಕಾರ್ಯಕ್ರಮ ದಿನಾ ನಡೆಯಿತು, ಏಕೆಂದರೆ ಮಾಂಸವನ್ನು ನಮ್ಮ ಫ್ರಿಜ್ಜಿನಲ್ಲಿ ಇಡುವ ಮಾತನ್ನು ಎತ್ತುವ ಧೈರ್ಯ ನಮ್ಮ ಯಜಮಾನರಿಗೂ ಇರಲಿಲ್ಲ.

ಬೆಲ್ಲ, ಸಕ್ಕರೆ ತಟ್ಟೆ ನೆಕ್ಕಿ ಖಾಲಿ ಮಾಡಿದವು. ನನಗೆ ಹೆಮ್ಮೆ. ಆಲೂರು ಸಕಲೇಶಪುರ ಎರಡೂ ತಾಲ್ಲೂಕಿನಲ್ಲಿ ಇಷ್ಟು ಶುಚಿಯಾದ ಮಾಂಸ ತಿನ್ನುವ ಪ್ರಾಣಿ ಇನ್ನೊಂದಿರಲಿಕ್ಕಿಲ್ಲ ಅಂದುಕೊಂಡೆ.

ನಾಲ್ಕನೇ ವಾರ ಬೆಲ್ಲ ನೆಗೆಯುವುದನ್ನು ನಿಲ್ಲಿಸಿತು. ಮೊದಲು ಸೋಮಾರಿತನ ಅಂದುಕೊಂಡೆ. ಆಮೇಲೆ ನೋಡಿದರೆ ಹಿಂದಿನ ಎರಡು ಕಾಲು ಅದರ ಮಾತು ಕೇಳುತ್ತಿಲ್ಲ. ಮುಂದಿನ ಕಾಲಲ್ಲಿ ಎಳೆದುಕೊಂಡು ತಟ್ಟೆಯವರೆಗೆ ಬರುತ್ತದೆ, ಮೂಸುತ್ತದೆ, ಅಲ್ಲೇ ಮಲಗುತ್ತದೆ. ಸಕ್ಕರೆ ಬಂದು ಅದರ ಕತ್ತಿನ ಚರ್ಮ ಹಿಡಿದು ಆಟಕ್ಕೆ ಎಳೆದರೂ ಏಳಲಿಲ್ಲ.

ಅದೇ ದಿನ ಲೀಲಕ್ಕನ ಫೋನ್. ಆಪರೇಶನ್ ಆಗಿ ಮೂರು ವಾರ, ಇನ್ನೂ ನೋವಿನಲ್ಲಿ ದನಿ ನಡುಗುತ್ತಿತ್ತು. ತನ್ನ ಮಂಡಿಯ ಬಗ್ಗೆ ಒಂದು ಮಾತು ಹೇಳದೆ ಬೆಲ್ಲ ಹೇಗಿದೆ ಅಂತ ಕೇಳಿದಳು. ನಾನು, ಪ್ರತಿ ವಾರ ಇಲ್ಲಿ ಕೂತು ನಿಮಗೆ ಸತ್ಯದ ಬಗ್ಗೆ ಭಾಷಣ ಬಿಗಿಯುವವಳು, ಚೆನ್ನಾಗಿ ಕುಣೀತಿದೆ ಕಣೇ ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಅತ್ತುಬಿಟ್ಟೆ. ಅವಳು ವಾಕರ್ ಹಿಡಿದು ನಡೆಯಲು ಕಲಿಯುತ್ತಿದ್ದಾಳೆ, ಇಲ್ಲಿ ಅವಳ ಪ್ರಾಣವನ್ನು ನಾನು ಕುಂಟು ಮಾಡಿ ಕೂರಿಸಿದ್ದೇನೆ.

ಆಲೂರಿನ ದನದ ಡಾಕ್ಟರ ಹತ್ತಿರ ಬುಟ್ಟಿಯಲ್ಲಿಟ್ಟು ಕರೆದೊಯ್ದೆ. ಪುಣ್ಯಾತ್ಮರು, ಇಂಥ ಪ್ರಾಣಿಯನ್ನು ನಾನು ಪುಸ್ತಕದಲ್ಲಿ ಮಾತ್ರ ನೋಡಿರೋದು ಅಂತ ನೇರವಾಗಿ ಹೇಳಿದರು. ಏನು ಹಾಕುತ್ತಿದ್ದೀರಿ ಅಂದರು. ನಾನು ನನ್ನ ಶುಚಿತ್ವದ ಕಥೆಯನ್ನು ಅರಿಶಿನ ಸಮೇತ ಹೇಳಿದೆ. ಅವರು ಕನ್ನಡಕ ತೆಗೆದರು. ಬೆಳೆಯುವ ಮರಿಗೆ ತಿಂಗಳಿಂದ ಮೂಳೆಯನ್ನೇ ಕೊಡದಿದ್ದರೆ ಅದರ ಮೂಳೆಗೆ ಸುಣ್ಣದ ಅಂಶ ಎಲ್ಲಿಂದ ಬರಬೇಕಮ್ಮ ಅಂದರು. ಇನ್ನೊಂದಕ್ಕೂ ಇದೇ ಗತಿ ಬರುವ ಮೊದಲು ಎರಡಕ್ಕೂ ಹಾಕಿ ಅಂತ ಕ್ಯಾಲ್ಸಿಯಂ ಹನಿ ಕೊಟ್ಟರು. ಇದು ತಾತ್ಕಾಲಿಕ, ಊಟ ಸರಿಹೋಗಬೇಕು, ಯಾವುದು ಎಷ್ಟು ಅಂತ ನನಗೂ ಗೊತ್ತಿಲ್ಲ, ಇಂಟರ್ನೆಟ್ಟಿನಲ್ಲಿ ನೋಡಿ ಅಂದರು.

ಹಾಸನದ ಸೈಬರ್ ಕೆಫೆಗೆ ಹೋದೆ. ಹನ್ನೊಂದು ಹಾಳೆ ಪ್ರಿಂಟ್ ತೆಗೆಸಿದೆ. ಎಲ್ಲ ಇಂಗ್ಲಿಷು, ಎಲ್ಲ ಪರ್ಸೆಂಟು. ನೂರರಲ್ಲಿ ಎಂಬತ್ತು ಮಾಂಸ, ಹತ್ತು ಮೂಳೆ, ಐದು ಲಿವರ್, ಐದು ಒಳಗಿನ ಬೇರೆ ಅಂಗಗಳು. ಲಿವರ್ ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ವಿಷ. ಗುಂಡಿಗೆ ಕೊಡಲೇಬೇಕು, ಆದರೆ ಅದನ್ನು ಅಂಗದ ಲೆಕ್ಕಕ್ಕೆ ಸೇರಿಸಬಾರದು, ಅದು ಮಾಂಸದ ಲೆಕ್ಕ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಚುಚ್ಚುತ್ತದೆ, ಹಸಿ ಮೂಳೆ ಮಾತ್ರ. ಹಾಲು ಕೂಡದು. (ಇದನ್ನು ಮನೆಗೆ ಬಂದು ಓದಿ ಹೇಳಿದಾಗ ಅತ್ತೆ ಬೇರೆ ಕಡೆ ನೋಡಿದರು. ಪಾಪ ಬರೀ ಮಾಂಸ ತಿಂತಾವೆ ಅಂತ, ನನಗೆ ಗೊತ್ತಿಲ್ಲದ ಹಾಗೆ ಸ್ಟೋರಿನ ಹೊಸ್ತಿಲಾಚೆಯಿಂದಲೇ ಬಟ್ಟಲಲ್ಲಿ ಹಾಲು ಇಟ್ಟಿದ್ದರಂತೆ. ಸಕ್ಕರೆಗೆ ಎರಡು ದಿನ ಹೊಟ್ಟೆ ಕೆಟ್ಟದ್ದು ಯಾಕೆಂದು ಆಗ ಗೊತ್ತಾಯಿತು.)

ಏಲಕ್ಕಿ ತೂಗುವ ಪುಟ್ಟ ತಕ್ಕಡಿ ತಂದು ಸ್ಟೋರಿನಲ್ಲಿ ಹೂಡಿದೆ. ಒಂದು ಕೋಳಿ ಕತ್ತು ತರಿಸಿದೆ. ಈಗ ಹೇಳಿ, ಕತ್ತಿನಲ್ಲಿ ಮಾಂಸ ಎಷ್ಟು, ಮೂಳೆ ಎಷ್ಟು? ಬಿಡಿಸದೆ ತೂಗುವುದು ಹೇಗೆ, ಬಿಡಿಸಿದ ಮೇಲೆ ಸೇರಿಸುವುದು ಹೇಗೆ? ಬಿಎಸ್ಸಿ ಮಾಡಿದವಳು ನಾನು. ಅರ್ಧ ದಿನ ಕತ್ತಿನ ಮುಂದೆ ಕೂತಿದ್ದೆ.

ಆಗ ಬಂದವರು ಸಣ್ಣೇಗೌಡರು.

ಸಣ್ಣೇಗೌಡರು ಬೇಲಿಯಾಚೆಯ ನೆರೆಯವರು. ಅರವತ್ತು ದಾಟಿದೆ. ಒಂದಿಷ್ಟು ರಾಗಿ, ಒಂದಿಷ್ಟು ಶುಂಠಿ, ಮನೆ ಹಿಂದೆ ಕಾಫಿ, ಎರಡು ಹಸು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೊಸಕೋಟೆಗೆ ಹೋಗುತ್ತಾರೆ. ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ, ಅಷ್ಟೇ ನನಗೆ ಗೊತ್ತಿದ್ದದ್ದು. ಅವತ್ತು ಏಣಿ ಕೇಳಲು ಬಂದವರು ಸ್ಟೋರಿನ ಬಾಗಿಲಲ್ಲಿ ನಿಂತು ಬೆಲ್ಲದ ಕಾಲು ನೋಡಿದರು, ತಟ್ಟೆಯಲ್ಲಿದ್ದ ಬಿಳಿ ಶಾವಿಗೆ ನೋಡಿದರು, ತಕ್ಕಡಿ ನೋಡಿದರು. ನಾನು ಹನ್ನೊಂದು ಹಾಳೆಯ ಸಾರಾಂಶವನ್ನು ಕನ್ನಡದಲ್ಲಿ ಒಪ್ಪಿಸಿದೆ. ಅವರು ತಾಳ್ಮೆಯಿಂದ ಪೂರ್ತಿ ಕೇಳಿದರು.

"ಇದ್ಕೆ ಇಷ್ಟೊಂದ್ ಓದ್ಬೇಕೇನಮ್ಮ?" ಅಂದರು. "ಗುಡ್ಡೆ ಹಾಕೋ ತರ ಹಾಕಿ. ಒಂದ್ ಗುಡ್ಡೆ ಅಂದ್ರೆ ಅದ್ರಲ್ಲಿ ಇಡೀ ಕುರಿ ಇರ್ಬೇಕು ಕಣಮ್ಮ."

ಗುಡ್ಡೆ ಅಂದರೆ ಏನು ಅಂತ ಗೊತ್ತಿಲ್ಲದ ನನ್ನಂಥ ಸಸ್ಯಾಹಾರಿ ಓದುಗರಿಗೆ ಎರಡು ಮಾತು. ಯುಗಾದಿಯ ಮಾರನೇ ದಿನ ನಮ್ಮ ಕಡೆ ಹೊಸ್ತೊಡಕು. ಊರಿನ ಮಾಂಸಾಹಾರಿ ಮನೆಗಳೆಲ್ಲ ಸೇರಿ ಕುರಿ ಕಡಿದು ಪಾಲು ಹಾಕಿಕೊಳ್ಳುತ್ತಾರೆ. ನಮ್ಮೂರಲ್ಲಿ ಅಂಥ ಮೂವತ್ತು ಮನೆ. ಎಲೆಯ ಮೇಲೆ ಮನೆಗೊಂದು ರಾಶಿಯಂತೆ ಮೂವತ್ತು ಗುಡ್ಡೆ. ಅದನ್ನು ಹಾಕುವವರು ಮೂವತ್ತೈದು ವರ್ಷದಿಂದ ಒಬ್ಬರೇ, ಸಣ್ಣೇಗೌಡರು. ಜಾಗ? ಅವರ ಹಿತ್ತಲಿನ ಹಲಸಿನ ಮರದ ಕೆಳಗೆ, ಅಂದರೆ ನಮ್ಮ ಅಡುಗೆಮನೆಯ ಕಿಟಕಿಗೆ ಸರಿಯಾಗಿ ಎದುರು. ಅವತ್ತು ಬೆಳಿಗ್ಗೆ ಅತ್ತೆ ಆ ಕಿಟಕಿ ಮುಚ್ಚಿ, ಚಿಲಕ ಹಾಕಿ, ಸಾಂಬ್ರಾಣಿ ಹಚ್ಚುತ್ತಾರೆ. ನಾನು ಈ ಮನೆಗೆ ಬಂದ ಮೇಲೆ ಆ ದಿನ ಅದು ತೆರೆದದ್ದನ್ನು ಕಂಡಿರಲಿಲ್ಲ.

ಹಾಗಾಗಿ ಅವರ ವಿದ್ಯೆಯ ವಿಷಯ ನನಗೆ ಹೇಗೆ ತಿಳಿಯಬೇಕು? ಅವತ್ತು ಸ್ಟೋರಿನ ಕಟ್ಟೆಯ ಮೇಲೆ ಕೂತು ಅವರೇ ಹೇಳಿದರು. ಕುರಿಗೆ ಇರುವುದು ಒಂದೇ ಲಿವರ್. ಎಷ್ಟು ಮನೆಯೋ ಅಷ್ಟು ಚೂರು, ಒಬ್ಬರಿಗೆ ಉಗುರಿನಷ್ಟು ಬಂದರೂ ಸರಿ, ಇಲ್ಲ ಅನ್ನುವ ಹಾಗಿಲ್ಲ. ಗುಂಡಿಗೆ ಹಾಗೇ. ಬೋಟಿ, ಅಂದರೆ ಕರುಳು, ಹಾಗೇ. ಕೊಬ್ಬು ಹಾಗೇ. ಮೂಳೆಯನ್ನು ಬಿಡಿಸಿ ಬೇರೆ ಇಡುವುದಿಲ್ಲ, ಮಾಂಸ ಅಂಟಿಕೊಂಡ ಹಾಗೇ ಕಡಿಯಬೇಕು. ಒಬ್ಬರಿಗೆ ಬರೀ ಮೆತ್ತನೆಯದು, ಇನ್ನೊಬ್ಬರಿಗೆ ಬರೀ ಮೂಳೆ ಹೋದರೆ ಮಾರನೇ ವರ್ಷ ಆ ಮನೆಯವರು ಅಂಗಳಕ್ಕೆ ಬರುವುದಿಲ್ಲ.

ನಾನು ಹಾಳೆ ತಿರುವಿದೆ. ನೂರಕ್ಕೆ ಐದು, ನೂರಕ್ಕೆ ಹತ್ತು. ಯಾರೋ ವಿದೇಶದಲ್ಲಿ ಲೆಕ್ಕ ಹಾಕಿ ಬರೆದದ್ದು ಬೇರೇನಲ್ಲ, ಒಂದು ಇಡೀ ಪ್ರಾಣಿಯ ಒಳಗೆ ಯಾವುದು ಎಷ್ಟಿರುತ್ತದೋ ಅದೇ! ಪ್ರಾಣಿಯನ್ನು ಪೂರ್ತಿ ತೆಗೆದುಕೊಂಡು, ಏನನ್ನೂ ಬಿಸಾಡದೆ, ಸಮನಾಗಿ ಹಂಚಿದರೆ ಪರ್ಸೆಂಟು ತಾನಾಗಿಯೇ ಸರಿ ಬರುತ್ತದೆ. ಇದನ್ನು ತಿಳಿಯಲು ಸಣ್ಣೇಗೌಡರಿಗೆ ಹನ್ನೊಂದು ಹಾಳೆ ಬೇಕಾಗಿರಲಿಲ್ಲ, ಮೂವತ್ತು ಮನೆಗಳಲ್ಲಿ ಒಂದೂ ಮುನಿಸಿಕೊಳ್ಳಬಾರದು ಎಂಬ ಕಾಳಜಿ ಸಾಕಾಗಿತ್ತು.

ಮರುದಿನದಿಂದ ಡೈರಿಯಿಂದ ಬರುವಾಗ ಅವರೇ ಅಂಗಡಿಯಿಂದ ತಂದರು. ಮೊದಲಿನ ಬಕೆಟ್ಟಿನ ಸಾಮಾನೆಲ್ಲ ಈಗ ಮರ್ಯಾದೆಯಿಂದ ಮುತ್ತುಗದ ಎಲೆಯಲ್ಲಿ ಕೂತು ಬಂತು. ಒಂದು ಕತ್ತು, ಒಂದು ರೆಕ್ಕೆ, ಪಕ್ಕೆಯ ತುಂಡು, ಚರ್ಮ, ಒಂದು ಗುಂಡಿಗೆ, ಉಗುರಿನಷ್ಟು ಲಿವರ್, ಒಳಗಿನ ಇನ್ನೊಂದಿಷ್ಟು. ನಾನು ಅಭ್ಯಾಸಬಲದಿಂದ ಅರಿಶಿನದ ಡಬ್ಬಿ ತಂದೆ. ಅವರು ಅದನ್ನು ವಿನಯದಿಂದ ತೆಗೆದುಕೊಂಡು, ಮುಚ್ಚಳ ಹಾಕಿ, ವಾಪಸ್ ಕೊಟ್ಟರು.

ಆದರೆ ಬೆಲ್ಲ ಮೂಳೆಯ ತುಂಡನ್ನು ಮೂಸಿ ಮುಖ ತಿರುಗಿಸಿತು. ತಿಂಗಳಿಂದ ಶಾವಿಗೆ ತಿಂದ ಬಾಯಿ ಅಲ್ಲವೇ? ಸಣ್ಣೇಗೌಡರು ಆತುರ ಪಡಲಿಲ್ಲ. ಕತ್ತನ್ನು ಕಲ್ಲಿನ ಮೇಲಿಟ್ಟು ಮಚ್ಚಿನ ಹಿಂಬದಿಯಿಂದ ಕುಟ್ಟಿ ಕುಟ್ಟಿ, ಬೆರಳಿಗೆ ಚೂರೂ ತಾಗದ ಹಾಗೆ ಹಿಟ್ಟು ಮಾಡಿದರು. ಅದಕ್ಕೆ ಮಾಂಸ ಸೇರಿಸಿ ನಾದಿ, ಬೆರಳ ತುದಿಯಲ್ಲಿ ಬೆಲ್ಲದ ಬಾಯಿಗೆ ಹಿಡಿದರು. ಅದು ನೆಕ್ಕಿತು. ಇನ್ನೊಮ್ಮೆ ನೆಕ್ಕಿತು. ಎಂಬತ್ತು ಕೆಜಿ ಮೂಟೆ ಹೊರುವ ಆ ಕೈ ಅಷ್ಟು ಹೊತ್ತು ಅಲುಗದೆ ನಿಂತಿದ್ದನ್ನು ನಾನು ನೋಡಿದೆ.

ದಿನಕ್ಕೆ ಸ್ವಲ್ಪ ಸ್ವಲ್ಪ ಕುಟ್ಟುವುದನ್ನು ಕಡಿಮೆ ಮಾಡುತ್ತ ಬಂದರು. ಹಿಟ್ಟು ತರಿಯಾಯಿತು, ತರಿ ತುಂಡಾಯಿತು. ನನಗೊಂದು ಕೆಟ್ಟ ಕುತೂಹಲ. ಒಂದು ದಿನ ಅವರು ಹಾಕಿದ ಎರಡು ಗುಡ್ಡೆಯನ್ನು, ಅವರು ಅತ್ತ ಹೋದ ಮೇಲೆ, ಏಲಕ್ಕಿ ತಕ್ಕಡಿಯ ಎರಡು ಕಡೆ ಇಟ್ಟೆ. ಮುಳ್ಳು ನೆಟ್ಟಗೆ ನಿಂತಿತು. ಕಣ್ಣಳತೆ! ಹಾಳೆಯ ಲೆಕ್ಕಕ್ಕೂ ಹೋಲಿಸಿದೆ. ಹೆಚ್ಚುಕಡಿಮೆ ಅದೇ. ಇಂಥವರಿಗೆ ನಾವು ಯಾವ ಸರ್ಟಿಫಿಕೇಟ್ ಕೊಟ್ಟಿದ್ದೇವೆ?

ನಾನೂ ಸುಮ್ಮನಿರದೆ ಒಂದು ಸಲಹೆ ಕೊಟ್ಟೆ. ಇಲಿಯನ್ನು ಇಡಿಯಾಗಿ ಕೊಟ್ಟರೆ ಬಹಳ ಒಳ್ಳೆಯದು ಅಂತ ಹಾಳೆಯಲ್ಲಿದೆ, ನಿಮ್ಮ ಶುಂಠಿ ಹೊಲದಲ್ಲಿ ಬೇಕಾದಷ್ಟಿವೆಯಲ್ಲ ಅಂದೆ.

"ಬ್ಯಾಡ ಕಣಮ್ಮ. ಯಾರ್ ಹೊಲ್ದಲ್ಲಿ ಏನ್ ಮದ್ದ್ ಇಟ್ಟವ್ರೋ, ಅದ್ ತಿಂದಿರ್ತವೆ. ಇಲಿ ಸಾಯೋದ್ ಅಲ್ದೆ ಇದೂ ಸತ್ತೋಗ್ಬುಟ್ರೆ?" ಅಂದರು. ಇದು ಹನ್ನೊಂದು ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ.

ಹದಿನೆಂಟನೇ ದಿನ ಬೆಳಿಗ್ಗೆ ಸ್ಟೋರಿನ ಬಾಗಿಲು ತೆಗೆದಾಗ ಬೆಲ್ಲ ಖಾಲಿ ಗೋಣಿಚೀಲದ ರಾಶಿಯ ಮೇಲಿತ್ತು. ಮೂರು ಅಡಿ ಎತ್ತರ. ನನ್ನನ್ನು ನೋಡಿ, ನಾಲ್ಕೂ ಕಾಲು ಎತ್ತಿ, ಅಡ್ಡಡ್ಡ ನೆಗೆಯಿತು. ನಾನು ಕೂಗಿದ್ದು ಕೇಳಿ ಅತ್ತೆ ಓಡಿ ಬಂದರು. ಓಡಿ ಬಂದವರು ಹೊಸ್ತಿಲಾಚೆ ನಿಲ್ಲದೆ ಸ್ಟೋರಿನ ಒಳಗೇ ಬಂದಿದ್ದರು. ಅದನ್ನು ಅವರಿಗೆ ನೆನಪಿಸುವ ಮೂರ್ಖತನ ನಾನು ಮಾಡಲಿಲ್ಲ.

ಆ ಸಂಜೆ ಲೀಲಕ್ಕನಿಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು, ಸಸ್ಯಾಹಾರಿಗೆ ಕೋಳಿ ಹಾಕು ಅಂತ ಎರಡೇ ಮಾತಲ್ಲಿ ಹೇಳಿ ಹೋದ ತಪ್ಪು ನನ್ನದೇ ಕಣೇ ಅಂದಳು. ಆ ಗೌಡರ ಕೈಗೆ ನಮಸ್ಕಾರ ಮಾಡಬೇಕು, ಯುಗಾದಿ ಮಾರನೇ ದಿನ ಬರುತ್ತೇನೆ ಅಂದಳು.

ಒಂದು ವಿಷಯ ನನ್ನನ್ನು ಬಿಡದೆ ಕಾಡಿತು. ಪ್ರೀತಿ ಅಂದರೆ ಒಳ್ಳೆಯದನ್ನು ಮಾತ್ರ ಆರಿಸಿ ಕೊಡುವುದು ಅಂತ ನಾನು ತಿಳಿದಿದ್ದೆ. ಮಕ್ಕಳಿಗೂ ಹಾಗೇ ಮಾಡುತ್ತೇವಲ್ಲವೇ? ಗಟ್ಟಿಯದೆಲ್ಲ ತೆಗೆದು, ಮೆತ್ತಗಿನದನ್ನು ಬಾಯಿಗಿಡುತ್ತೇವೆ. ಕಷ್ಟದ ಮಾತು ಅವರ ಕಿವಿಗೆ ಬೀಳಬಾರದು, ಅವರು ಬಿಸಿಲಿಗೆ ಹೋಗಬಾರದು. ಆಮೇಲೆ ಯಾಕೆ ನಿಲ್ಲಲಾಗುತ್ತಿಲ್ಲ ಅಂತ ಡಾಕ್ಟರ ಹತ್ತಿರ ಓಡುತ್ತೇವೆ. ಸಣ್ಣೇಗೌಡರ ಪ್ರೀತಿ ಬೇರೆ ಥರದ್ದು. ಎಲ್ಲದರಲ್ಲೂ ಒಂದು ಪಾಲು, ಎಲ್ಲರಿಗೂ ಒಂದು ಪಾಲು. ಅದನ್ನು ನಾನು ಇಪ್ಪತ್ತೆರಡು ವರ್ಷ ಕಿಟಕಿ ಮುಚ್ಚಿಕೊಂಡು ಕಳೆದುಕೊಂಡೆ.

ಹೊಸ್ತೊಡಕು ಬಂತು. ಅತ್ತೆ ಎಂದಿನಂತೆ ಬೆಳಿಗ್ಗೆಯೇ ಕಿಟಕಿ ಮುಚ್ಚಿದರು, ಚಿಲಕ ಹಾಕಿದರು. ನಾನು ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ ಬೇಲಿ ಹತ್ತಿರ ನಿಂತೆ. ಮಾಂಸ ನೋಡುವ ಆಸೆಯಿಂದಲ್ಲ, ಆ ಕೈ ಕೆಲಸ ಮಾಡುವುದನ್ನು ನೋಡಲು.

ಸಣ್ಣೇಗೌಡರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಸಾಲಾಗಿ ಹಾಸಿದ ಎಲೆಗಳ ಮೇಲೆ ಮೊದಲು ಮೂಳೆಯ ತುಂಡು ಬಿತ್ತು, ಆಮೇಲೆ ಮಾಂಸ, ಕೊಬ್ಬು, ಬೋಟಿ. ಕೊನೆಗೆ ಲಿವರ್. ಬಗ್ಗಿ ನೋಡುತ್ತಾರೆ, ಈ ಗುಡ್ಡೆಯಿಂದ ಒಂದು ಚೂರು ತೆಗೆದು ಆ ಗುಡ್ಡೆಗೆ ಹಾಕುತ್ತಾರೆ, ಮತ್ತೆ ನೋಡುತ್ತಾರೆ. ಇಷ್ಟಾದ ಮೇಲೂ ಯಾವುದು ಯಾರಿಗೆ ಅಂತ ಅವರು ಹೇಳುವ ಹಾಗಿಲ್ಲ. ಅವರ ಅಣ್ಣ ಗುಡ್ಡೆಗಳಿಗೆ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಸಣ್ಣೇಗೌಡರು ಕೋಲಿನಿಂದ ಒಂದು ಗುಡ್ಡೆ ತೋರಿಸಿ ಯಾರದು ಅನ್ನುತ್ತಾರೆ. ಅಣ್ಣ ನೋಡದೆಯೇ ಒಂದು ಮನೆಯ ಹೆಸರು ಹೇಳುತ್ತಾರೆ. ಅದು ಅವರ ಪಾಲು, ತಕರಾರಿಲ್ಲ. ಗುಡ್ಡೆ ಹಾಕಿದವರಿಗೆ ಕಡೆಯಲ್ಲಿ ಉಳಿದದ್ದು.

ನಾನು ಸುಮ್ಮನೆ ಎಣಿಸಿದೆ. ಮೂವತ್ತೊಂದು. ಇನ್ನೊಮ್ಮೆ ಎಣಿಸಿದೆ. ಮೂವತ್ತೊಂದೇ. ಎಲ್ಲ ಒಂದೇ ಅಳತೆ.

ಹೆಸರು ಕೂಗುವುದು ಶುರುವಾಯಿತು. ಹನ್ನೆರಡೋ ಹದಿಮೂರೋ ಮನೆಯಾದ ಮೇಲೆ ಕೋಲು ಒಂದು ಗುಡ್ಡೆಯ ಮುಂದೆ ನಿಂತಿತು.

"ಇದ್ಯಾರ್ದು?"

"ಮೇಲಿನ್ ಮನೆದು."

ಮೇಲಿನ ಮನೆ ಅಂದರೆ ನಮ್ಮದು. ಅಂಗಳದಲ್ಲಿದ್ದವರೆಲ್ಲ ಒಮ್ಮೆಲೇ ನನ್ನ ಕಡೆ ತಿರುಗಿದರು. ಒಂದಿಬ್ಬರು ನಗಲೋ ಬೇಡವೋ ಅಂತ ಸಣ್ಣೇಗೌಡರ ಮುಖ ನೋಡಿದರು. ಅವರ ಮುಖದಲ್ಲಿ ನಗು ಇರಲಿಲ್ಲ. "ಮೇಲಿನ್ ಮನೇಲಿ ಎರಡು ಜೀವ ಅವೆ, ಬಾಡು ತಿನ್ನೋವು. ಪಾಲು ಅಂದ್ಮೇಲೆ ಪಾಲು" ಅಂದರು ಅಷ್ಟೇ. ಎರಡು ಫೆರೆಟ್ಟಿಗೆ ಅಷ್ಟು ದೊಡ್ಡ ಗುಡ್ಡೆ ಯಾಕೆ, ಉಳಿದದ್ದನ್ನು ಮಧ್ಯಾಹ್ನ ಬರುವ ಲೀಲಕ್ಕನಿಗೆ ಕಟ್ಟಿಕೊಟ್ಟರಾಯಿತು ಅಂತೆಲ್ಲ ತಲೆಗೆ ಬಂದದ್ದು ಆಮೇಲೆ.

ಹೋಗಿ ಎತ್ತಿಕೊಳ್ಳಲೇ ಬೇಡವೇ ಅಂತ ನಾನು ನಿಂತೇ ಇದ್ದೆ. ಆಗ ಹಿಂದಿನಿಂದ ಚಿಲಕ ತೆಗೆದ ಸದ್ದು. ನಮ್ಮ ಅಡುಗೆಮನೆಯ ಕಿಟಕಿ ಒಂದು ಗೇಣು ತೆರೆಯಿತು. ಸಾಂಬ್ರಾಣಿಯ ಹೊಗೆ ಮೊದಲು ಹೊರಗೆ ಬಂತು, ಅದರ ಹಿಂದೆಯೇ ಅತ್ತೆಯ ದನಿ.

"ಸಣ್ಣೇಗೌಡ, ಅದಕ್ಕೆ ಮೂಳೆ ಹಾಕಿದೀಯ ತಾನೇ?"